ಚಳಿಗಾಲದ ಸಿಸಿಲಿ: ಎಪ್ಪತ್ತರ ಅಮ್ಮನ ಜೊತೆ ಹನ್ನೆರಡು ದಿನ ಹೋಗಬಹುದೇ?

ಹೇಮಾವತಿ ದಡ (ನವೆಂಬರ್ 9)

ಎಲ್ಲರಿಗೂ ನಮಸ್ಕಾರ. ಜನವರಿ 26ರಿಂದ ಫೆಬ್ರವರಿ 6ರವರೆಗೆ ಅಮ್ಮನನ್ನು ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗಬೇಕೆಂದಿದ್ದೇನೆ. ಅಮ್ಮನಿಗೆ ಎಪ್ಪತ್ತು ವರ್ಷ. ಹಾಸನದಲ್ಲಿ ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಕಲಿಸಿದವರು. ಕ್ರಿಸ್ತಪೂರ್ವ 212ರಲ್ಲಿ ರೋಮನ್ನರು ಸಿರಾಕ್ಯೂಸ್ ನಗರವನ್ನು ಹಿಡಿದಾಗ ಆರ್ಕಿಮಿಡೀಸ್ ಸತ್ತ ಕಥೆಯನ್ನು ಅವರು ಹೇಳುತ್ತಿದ್ದರೆ ತರಗತಿಯೇ ಉಸಿರು ಬಿಗಿಹಿಡಿದು ಕೇಳುತ್ತಿತ್ತಂತೆ. ಕಪ್ಪುಹಲಗೆಯ ಮೇಲೆ ಅಷ್ಟು ಸಲ ಬರೆದು ಅಳಿಸಿದ ಆ ಊರನ್ನು ಒಮ್ಮೆ ಕಣ್ಣಾರೆ ನೋಡುವುದು ಅವರ ಆಸೆ.

ನನಗೆ ರಜೆ ಸಿಗುವುದು ಆ ದಿನಗಳಲ್ಲಿ ಮಾತ್ರ. ಆದರೆ ಕೇಳಿದವರೆಲ್ಲ "ಮೆಡಿಟರೇನಿಯನ್ ಕಡಲತೀರಕ್ಕೆ ಜನವರಿಯಲ್ಲಿ ಯಾರು ಹೋಗುತ್ತಾರೆ, ಎಲ್ಲ ಮುಚ್ಚಿರುತ್ತದೆ, ಮಳೆ" ಎನ್ನುತ್ತಿದ್ದಾರೆ. ನಾನು ಅಲ್ಲಿ ಕಾರು ಓಡಿಸುವುದಿಲ್ಲ. ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಸಮುದ್ರಸ್ನಾನ ನಮಗೆ ಬೇಡ. ಹೋಗಿ ಬಂದವರು ಇದ್ದದ್ದನ್ನು ಇದ್ದಂತೆ ಹೇಳಿ.

ಎಟ್ನಾ ನೆರಳಿನಿಂದ (ನವೆಂಬರ್ 9)

ಕಟಾನಿಯಾದಲ್ಲಿ ಓದುತ್ತಿದ್ದೇನೆ, ಇದು ನನ್ನ ಮೂರನೆಯ ಚಳಿಗಾಲ. ಧೈರ್ಯವಾಗಿ ಬನ್ನಿ, ಆದರೆ ಊರುಗಳನ್ನು ಆರಿಸುವಾಗ ಎಚ್ಚರವಿರಲಿ. ಸಿಸಿಲಿಯಲ್ಲಿ ಎರಡು ಬಗೆಯ ಊರುಗಳಿವೆ. ಬೇಸಿಗೆಯ ಸ್ನಾನದವರನ್ನೇ ನಂಬಿಕೊಂಡ ಊರುಗಳು ಒಂದು ಬಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಹೋಟೆಲು, ಊಟದಂಗಡಿಗಳೆಲ್ಲ ಬಾಗಿಲು ಎಳೆದುಕೊಂಡು "ಕ್ಯೂಸೊ ಪೆರ್ ಫೇರಿಯೆ", ಅಂದರೆ ರಜೆಗಾಗಿ ಮುಚ್ಚಿದೆ ಎಂಬ ಚೀಟಿ ಅಂಟಿಸಿರುತ್ತವೆ. ತಾವೊರ್ಮಿನಾದ ಬಹಳಷ್ಟು ಹೋಟೆಲುಗಳೂ ಈ ಗುಂಪಿಗೇ ಸೇರುತ್ತವೆ. ಇನ್ನೊಂದು ಬಗೆ, ಪ್ರವಾಸಿಗರು ಬರಲಿ ಬಿಡಲಿ ತಮ್ಮ ಪಾಡಿಗೆ ಬದುಕುವ ಪಲೆರ್ಮೊ, ಕಟಾನಿಯಾ, ಸಿರಾಕುಸಾ (ನಿಮ್ಮ ಅಮ್ಮನ ಸಿರಾಕ್ಯೂಸ್‌ಗೆ ಇಲ್ಲಿನವರ ಹೆಸರು), ರಗೂಸಾ. ಇಲ್ಲಿ ಜನವರಿಯಲ್ಲೂ ಮಾರುಕಟ್ಟೆ ಕೂಗುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಕಾಫಿ ಅಂಗಡಿಯಲ್ಲಿ ಮುದುಕರು ರಾಜಕೀಯ ಮಾತನಾಡುತ್ತಾರೆ. ರಾತ್ರಿ ತಂಗುವುದನ್ನು ಇಂತಹ ಊರುಗಳಲ್ಲೇ ಇಟ್ಟುಕೊಳ್ಳಿ.

ಜನವರಿಯ ಕೊನೆಗೆ ಇಲ್ಲಿ ಸಂಜೆ ಐದೂಕಾಲಿನ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ. ಹೀಗಾಗಿ ದಿನ ಬಹಳ ಗಿಡ್ಡ. ಬೆಳಿಗ್ಗೆ ಎಂಟಕ್ಕೇ ಹೊರಡುವ ಅಭ್ಯಾಸ ಮಾಡಿಕೊಳ್ಳಿ.

ನಿಜವಾದ ಚಳಿ ಮನೆಯೊಳಗೆ. ಹೊರಗೆ ಹಗಲಿನಲ್ಲಿ 14, 15 ಡಿಗ್ರಿ ಇರುತ್ತದೆ. ಬಿಸಿಲು ಬಿದ್ದರೆ ಸ್ವೆಟರ್ ಕಳಚಬೇಕೆನಿಸುತ್ತದೆ. ಹಳೆಯ ಕಲ್ಲಿನ ಮನೆಗಳನ್ನು ಕಟ್ಟಿದ್ದು ಬೇಸಿಗೆಯ ಬೇಗೆಯನ್ನು ತಡೆಯಲು. ಅವು ತಂಪನ್ನು ಹಿಡಿದಿಟ್ಟುಕೊಳ್ಳುತ್ತವೆ, ರಾತ್ರಿ ಹಾಸಿಗೆಯೇ ಒದ್ದೆಯಾದಂತೆ ಅನಿಸುತ್ತದೆ. ಕೋಣೆ ಕಾಯ್ದಿರಿಸುವ ಮುಂಚೆ "ರಿಸ್ಕಾಲ್ದಮೆಂತೊ", ಅಂದರೆ ಕೋಣೆ ಬಿಸಿಮಾಡುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಇಡೀ ದಿನ ಉರಿಸಬಹುದೇ, ಅದಕ್ಕೆ ಬೇರೆ ಹಣ ಕೊಡಬೇಕೇ ಎಂಬುದನ್ನೂ ಬರಹದಲ್ಲಿ ತರಿಸಿಕೊಳ್ಳಿ. ಅಮ್ಮನಿಗಾಗಿ ಇದೊಂದನ್ನು ಬಿಡಬೇಡಿ.

ನಿಮ್ಮ ದಿನಾಂಕಗಳಲ್ಲಿ ಒಂದು ಭಾಗ್ಯವಿದೆ. ಫೆಬ್ರವರಿ 3ರಿಂದ 5ರವರೆಗೆ ಕಟಾನಿಯಾದಲ್ಲಿ ಸಂತ ಆಗಾತಾಳ ಉತ್ಸವ. ಆ ಮೂರು ರಾತ್ರಿಗಳ ಕೋಣೆಯನ್ನು ಇವತ್ತೇ ಕಾಯ್ದಿರಿಸಿ.

ಗೋಕಾಕದ ದಾರಿ (ನವೆಂಬರ್ 10)

ನಾನು ಎಚ್ಚರಿಕೆ ಹೇಳುವವರ ಪಕ್ಷ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಉತ್ತರ ತೀರದ ಸಣ್ಣ ಊರೊಂದರಲ್ಲಿ ಆರು ದಿನಕ್ಕೆ ಮನೆ ಹಿಡಿದಿದ್ದೆವು. ನಾಲ್ಕು ದಿನ ಬಿಡದೆ ಮಳೆ. ಗೋಡೆಯಲ್ಲಿ ಪಾಚಿ, ಹೊದಿಕೆ ತೇವ. ಮೂರು ಊಟದಂಗಡಿಗಳಲ್ಲಿ ತೆರೆದಿದ್ದದ್ದು ಒಂದೇ, ಅದೂ ವಾರಕ್ಕೆ ಮೂರು ದಿನ. ಬಸ್ ದಿನಕ್ಕೆರಡು, ಹೊರಡುವ ದಿನ ಅದೂ ಬರಲಿಲ್ಲ. ಮುಷ್ಕರ ಇರಬೇಕೆಂದು ಯಾರೋ ಹೇಳಿದರು. ವಿಮಾನ ತಪ್ಪಬಾರದೆಂದು ಟ್ಯಾಕ್ಸಿಗೆ ಉಳಿದ ಹಣವನ್ನೆಲ್ಲ ಸುರಿದೆವು. ನನ್ನ ಹೆಂಡತಿ ಇಂದಿಗೂ ಆ ಪ್ರವಾಸದ ಫೋಟೊ ತೆಗೆದು ನೋಡಿಲ್ಲ. ಎಪ್ಪತ್ತು ವರ್ಷದವರನ್ನು ಕರೆದುಕೊಂಡು ಹೋಗುವುದಾದರೆ ಏಪ್ರಿಲ್‌ವರೆಗೆ ಕಾಯಿರಿ.

ಪಡುಗಡಲು (ನವೆಂಬರ್ 10)

ಗೋಕಾಕದವರ ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು. ನಾನು ಕುಂದಾಪುರದವನು, ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ತೈಲ ತುಂಬಲು ಸಿರಾಕುಸಾದ ಪಕ್ಕದ ಔಗುಸ್ತಾ ಬಂದರಿಗೆ ಎಷ್ಟೋ ಸಲ ಹೋಗಿದ್ದೇನೆ. ಆ ಸೀಮೆಯ ಹವೆ ನಮ್ಮದನ್ನು ತಿರುವಿ ಹಾಕಿದಂತೆ. ಬೇಸಿಗೆಯಲ್ಲಿ ಅಲ್ಲಿ ಆಕಾಶದ ಮೇಲೆ ಅಧಿಕ ಒತ್ತಡದ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ, ಹನಿ ಬೀಳುವುದಿಲ್ಲ, ಬೆಟ್ಟಗಳೆಲ್ಲ ಒಣಹುಲ್ಲಿನ ಬಣ್ಣ. ಅಕ್ಟೋಬರ್ ದಾಟಿದ ಮೇಲೆ ಆ ಮುಚ್ಚಳ ದಕ್ಷಿಣಕ್ಕೆ ಸರಿದು ಪಡುವಣ ಗಾಳಿ ಮಳೆ ತರುತ್ತದೆ. ಗೋಧಿ ಬಿತ್ತುವುದು ಆಗ, ಕೊಯ್ಯುವುದು ಜೂನ್‌ನಲ್ಲಿ. ಅವರ ಚಳಿಗಾಲವೇ ಅವರ ಮಳೆಗಾಲ.

ನಮ್ಮ ಕರಾವಳಿಗೆ ಆಷಾಢದಲ್ಲಿ ಬಂದವರನ್ನು ನೆನೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯಲ್ಲಿ ದೋಣಿಗಳೆಲ್ಲ ದಡ ಸೇರಿರುತ್ತವೆ. ಕಡಲಿಗೆ ಮುಖ ಮಾಡಿ ನಿಂತವರು "ಇಲ್ಲಿ ಏನೂ ಇಲ್ಲ" ಎಂದು ಹೋಗುತ್ತಾರೆ. ಬೆನ್ನ ಹಿಂದೆ ಗದ್ದೆಯಲ್ಲಿ ನೇಜಿ ನೆಡುತ್ತಿರುವುದನ್ನು ತಿರುಗಿ ನೋಡುವುದಿಲ್ಲ. ಸಿಸಿಲಿಯಲ್ಲೂ ಚಳಿಗಾಲದಲ್ಲಿ ಕಡಲಿಗೆ ಬೆನ್ನು ಹಾಕಿ ನೋಡಬೇಕು. ಹಸಿರು, ಕಿತ್ತಳೆ, ಬಾದಾಮಿ ಹೂವು, ಎಲ್ಲವೂ ಒಳನಾಡಿನ ಕಡೆ.

ಅಲ್ಲಿನ ಮಳೆಯನ್ನು ಶಪಿಸುವ ಮನಸ್ಸು ನನಗೆ ಬರುವುದೂ ಇಲ್ಲ. 2024ರ ಬರ ನೆನಪಿದೆಯಲ್ಲ. ಮೇ ತಿಂಗಳಲ್ಲಿ ಇಟಲಿ ಸರ್ಕಾರ ಸಿಸಿಲಿಗೆ ತುರ್ತುಸ್ಥಿತಿ ಘೋಷಿಸಿತು, ದ್ವೀಪದ ನಡುವಿನ ಪೆರ್ಗೂಸಾ ಸರೋವರ ಒಣಗಿ ಬಿರುಕುಬಿಟ್ಟಿತು, ಅಗ್ರಿಜೆಂತೊದಲ್ಲಿ ನೀರಿಲ್ಲದೆ ಅತಿಥಿಗಳನ್ನು ವಾಪಸು ಕಳಿಸಿದ ವಸತಿಗೃಹಗಳಿದ್ದವು.

ಮಳೆಯಿಂದ ತಪ್ಪಿಸಿಕೊಳ್ಳಲು ಗಾಳಿ ನೋಡಿ ಊರು ಆರಿಸಿ. ಉತ್ತರ ಅಥವಾ ವಾಯವ್ಯದ ಗಾಳಿಯಾದರೆ ಪಲೆರ್ಮೊ ಕಡೆ ನೆನೆಯುತ್ತದೆ, ಬೆಟ್ಟಸಾಲಿನ ಮರೆಯ ಸಿರಾಕುಸಾ ಬಹುಪಾಲು ಒಣಗಿರುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹೊಯ್ಯುವಾಗ ಘಟ್ಟದಾಚೆಯ ಚಿತ್ರದುರ್ಗದಲ್ಲಿ ಬಿಸಿಲಿರುವಂತೆ. ಆಗ್ನೇಯದಿಂದ ಶಿರೊಕ್ಕೊ ಎಂಬ ಗಾಳಿ ಬೀಸಿದರೆ ಇದು ತಿರುಗುಮುರುಗು. 2021ರ ಅಕ್ಟೋಬರ್ ಕೊನೆಯಲ್ಲಿ ಮೂಡಣ ಕಡಲಿನಿಂದ ಬಂದ ಬಿರುಮಳೆಗೆ ಕಟಾನಿಯಾದ ಬೀದಿಗಳೇ ಹೊಳೆಯಾಗಿದ್ದವು. ಹವಾಮಾನದ ಮುನ್ಸೂಚನೆಯಲ್ಲಿ ಮೋಡದ ಚಿತ್ರವನ್ನಲ್ಲ, ಬಾಣದ ಗುರುತನ್ನು ನೋಡುವುದು ಕಲಿಯಿರಿ.

ಒಲೆಯ ಮುಂದೆ (ನವೆಂಬರ್ 11)

ಊಟದ ಬಗ್ಗೆ ಯಾರೂ ಬಿಡಿಸಿ ಹೇಳದ ಕಾರಣ ನಾನು ಬರೆಯುತ್ತೇನೆ. ಹತ್ತು ವರ್ಷದಿಂದ ಇಟಲಿಯಲ್ಲಿದ್ದೇನೆ, ಹುಟ್ಟಿದ್ದು ಉಡುಪಿಯಲ್ಲಿ, ಇಂದಿಗೂ ಸಸ್ಯಾಹಾರಿ. ಇಟಲಿಯಲ್ಲಿ ನನ್ನ ಅಮ್ಮ ಹೊಟ್ಟೆತುಂಬ, ಮನಸ್ಸುತುಂಬ ಉಂಡದ್ದು ಸಿಸಿಲಿಯಲ್ಲಿ.

ಪಲೆರ್ಮೊ ಬೀದಿಗಳಲ್ಲಿ "ಪಾನೆಲ್ಲೆ" ಸಿಗುತ್ತದೆ: ಕಡಲೆಹಿಟ್ಟನ್ನು ನೀರಿನಲ್ಲಿ ಗೊಟಾಯಿಸಿ, ಆರಿಸಿ, ತೆಳುವಾಗಿ ಕೊಯ್ದು ಎಣ್ಣೆಯಲ್ಲಿ ಕರಿದು, ಎಳ್ಳು ಹಚ್ಚಿದ ಬ್ರೆಡ್ಡಿನೊಳಗೆ ಇಟ್ಟು ಮೇಲೆ ನಿಂಬೆ ಹಿಂಡಿ ಕೊಡುತ್ತಾರೆ. ಅದೇ ಎಣ್ಣೆಯಲ್ಲಿ ಮೀನು ಕರಿಯುತ್ತಾರೆಯೇ ಎಂದು ಮಾತ್ರ ಕೇಳಿಕೊಳ್ಳಿ. "ಕಪೊನಾತಾ" ನಮ್ಮ ಬದನೆಕಾಯಿ ಗೊಜ್ಜಿನ ಒಡಹುಟ್ಟು, ವಿನೆಗರ್ ಹುಳಿ ಮತ್ತು ಸಕ್ಕರೆಯ ಸಿಹಿ. ಬದನೆ ಬೇಸಿಗೆಯ ಬೆಳೆ; ಚಳಿಗಾಲದಲ್ಲಿ ಅದನ್ನೇ ಪಲ್ಲೆಹೂವಿನಲ್ಲಿ ಮಾಡುವುದುಂಟು. ಪಲ್ಲೆಹೂವು ಅಂದರೆ ಕಾರ್ಚೊಫಿ, ನಮ್ಮ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಆರ್ಟಿಚೋಕ್ ಎಂದು ಮಾರುವುದು. ಒಣಗಿದ ಬೇಳೆಯಂಥ ಫಾವಾ ಕಾಳನ್ನು ಕರಗುವಂತೆ ಬೇಯಿಸಿದ "ಮಾಕ್ಕು" ಎಂಬ ಗಂಜಿಯಿದೆ. ಚಳಿಯ ಸಂಜೆಗೆ ಅದಕ್ಕಿಂತ ಹಿತವಾದದ್ದಿಲ್ಲ. ಅಲ್ಲಿನ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಲ್ಲ, ಗಟ್ಟಿ ಗೋಧಿಯ ರವೆ ಮತ್ತು ನೀರು ಅಷ್ಟೇ. ಕೈಯಲ್ಲಿ ಮಾಡಿದ ತಾಜಾ ಪಾಸ್ತಾ ಆದರೆ ವಿಚಾರಿಸಬೇಕು.

ಈಗ ಕಟ್ಟುನಿಟ್ಟಿನವರಿಗೆ ಎಚ್ಚರಿಕೆ. ಅಲ್ಲಿನ ಹಳೆಯ ಬಗೆಯ ಚೀಸ್‌ಗಳಿಗೆ ಹೆಪ್ಪು ಹಾಕುವುದು ಕುರಿಮರಿ ಅಥವಾ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ. ರಿಕೊತ್ತಾ ಆ ಚೀಸ್ ತೆಗೆದ ನಂತರದ ತಿಳಿಯನ್ನು ಮತ್ತೆ ಕಾಯಿಸಿ ಮಾಡುವುದು. ಕನ್ನೋಲಿ ಎಂಬ ಸಿಹಿತಿಂಡಿಯ ಹೊರಚಿಪ್ಪಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಸೇರುತ್ತದೆ. ಇದನ್ನು ಅಮ್ಮನಿಗೆ ಮೊದಲೇ ತಿಳಿಸಿ, ಅವರೇ ನಿರ್ಧರಿಸಲಿ. ಮುಚ್ಚಿಟ್ಟು ತಿನ್ನಿಸುವುದು ನನಗೆ ಒಪ್ಪಿಗೆಯಿಲ್ಲ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ವೊವಾ, ಸೆಂತ್ಸಾ ಫೊರ್ಮಾಜ್ಜೊ" ಎಂದು ಬಾಯಿಪಾಠ ಮಾಡಿಕೊಳ್ಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಚೀಸ್ ಬೇಡ. ಸಣ್ಣ ಮೀನು ಆಂಚೊವಿಯನ್ನು ಅವರು ಮಸಾಲೆ ಎಂದೇ ಎಣಿಸುವುದರಿಂದ "ಸೆಂತ್ಸಾ ಅಚ್ಚೂಗೆ" ಎಂದು ಬೇರೆಯಾಗಿ ಹೇಳಬೇಕು.

ಡಿಸೆಂಬರ್ 13ಕ್ಕೆ ಹೋಗುವವರು ಯಾರಾದರೂ ಇದ್ದರೆ, ಸಂತ ಲುಚಿಯಾಳ ದಿನ "ಕುಚ್ಚೀಯಾ" ತಿನ್ನದೆ ಬರಬೇಡಿ. ಬರಗಾಲದಲ್ಲಿ ಗೋಧಿಯ ಹಡಗು ಬಂದಾಗ ಹಿಟ್ಟು ಬೀಸುವವರೆಗೂ ಕಾಯಲಾಗದೆ ಕಾಳನ್ನೇ ಬೇಯಿಸಿ ತಿಂದರು ಎಂಬ ಐತಿಹ್ಯವಿದೆ. ಮೊದಲ ತುತ್ತಿಗೆ ನನಗೆ ಉತ್ತರ ಕರ್ನಾಟಕದ ಗೋಧಿ ಹುಗ್ಗಿ ನೆನಪಾಯಿತು.

ಹೇಮಾವತಿ ದಡ (ನವೆಂಬರ್ 13)

ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಗೋಕಾಕದವರ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ "ಏಪ್ರಿಲ್‌ನಲ್ಲಿ ನನ್ನ ಮೊಣಕಾಲು ಹೇಗಿರುತ್ತದೋ ಯಾರಿಗೆ ಗೊತ್ತು, ಹೋಗೋಣ" ಎಂದರು. ವೀಸಾಕ್ಕೆ ಬೆಂಗಳೂರಿನಲ್ಲಿ ಅರ್ಜಿ ಹಾಕುತ್ತಿದ್ದೇವೆ. ಸ್ಟ್ರಾಂಬೊಲಿ ದ್ವೀಪದ ಜ್ವಾಲಾಮುಖಿಯನ್ನೂ ನೋಡುವಾಸೆ ಅವರಿಗೆ. ಎರಡು ದಿನ ಮಿಗಿಸಿದರೆ ಸಾಧ್ಯವೇ?

ಪಡುಗಡಲು (ನವೆಂಬರ್ 13)

ಬೇಡ. ಮಿಲಾತ್ಸೊ ಬಂದರಿನಿಂದ ಹೊರಡುವ ವೇಗದ ದೋಣಿಗಳು ಅಲೆ ಎದ್ದರೆ ನಿಲ್ಲುತ್ತವೆ. ಚಳಿಗಾಲದಲ್ಲಿ ಒಮ್ಮೊಮ್ಮೆ ಸತತ ಎರಡು ಮೂರು ದಿನ ದ್ವೀಪದಲ್ಲೇ ಸಿಕ್ಕಿಬೀಳಬೇಕಾಗುತ್ತದೆ. ವಾಪಸು ವಿಮಾನದ ದಿನ ಗೊತ್ತಿರುವವರು, ವಯಸ್ಸಾದವರನ್ನು ಕರೆದುಕೊಂಡವರು ಅಲ್ಲಿಗೆ ಹೋಗಬಾರದು. ಕಡಲಿನ ವಿಷಯದಲ್ಲಿ ನಾನು ಯಾರಿಗೂ ಮುಲಾಜು ನೋಡುವುದಿಲ್ಲ. ಜ್ವಾಲಾಮುಖಿ ಬೇಕೆಂದರೆ ಎಟ್ನಾ ಇದ್ದೇ ಇದೆ, 3,300 ಮೀಟರ್ ಮೀರಿದ ಬೆಟ್ಟ, ಕಟಾನಿಯಾದ ಬೀದಿಯಲ್ಲೇ ನಿಂತು ನೋಡಬಹುದು.

ಎಟ್ನಾ ನೆರಳಿನಿಂದ (ನವೆಂಬರ್ 14)

ಒಪ್ಪಿದೆ. ಎಟ್ನಾವನ್ನು ಸುತ್ತುವ ಸಣ್ಣ ಹಳಿಯ ರೈಲಿದೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಕಿದ್ದು. ಅಮ್ಮನಿಗೆ ನಡೆಯುವ ಶ್ರಮವಿಲ್ಲದೆ ಲಾವಾ ಹರಿದ ಜಾಗಗಳನ್ನೂ ಹಿಮವನ್ನೂ ಕಿಟಕಿಯಿಂದಲೇ ತೋರಿಸಬಹುದು. ಭಾನುವಾರ ಆ ರೈಲು ಓಡುವುದಿಲ್ಲ. ಮುಷ್ಕರಕ್ಕೆ ಇಲ್ಲಿ "ಶೋಪೆರೊ" ಎನ್ನುತ್ತಾರೆ. ಇಟಲಿಯ ಸಾರಿಗೆ ಸಚಿವಾಲಯ ತನ್ನ ಜಾಲತಾಣದಲ್ಲಿ ಮುಂಚಿತವಾಗಿಯೇ ದಿನಾಂಕಗಳನ್ನು ಹಾಕುತ್ತದೆ. ವಾರಕ್ಕೊಮ್ಮೆ ನೋಡಿಕೊಳ್ಳಿ.

ಹೇಮಾವತಿ ದಡ (ಫೆಬ್ರವರಿ 12)

ಬಂದೆವು. ಋಣ ತೀರಿಸುವಂತೆ ವಿವರವಾಗಿ ಬರೆಯುತ್ತೇನೆ.

ಮೊದಲ ನಾಲ್ಕು ರಾತ್ರಿ ಸಿರಾಕುಸಾದ ಹಳೆಯ ಭಾಗ ಓರ್ತೀಜಿಯಾದಲ್ಲಿ. ಕಟಾನಿಯಾದಿಂದ ರೈಲಿನಲ್ಲಿ ಒಂದೂಕಾಲು ಗಂಟೆ. ಅಲ್ಲಿನ ಪ್ರಧಾನ ಚರ್ಚನ್ನು ಹೊರಗಿನಿಂದ ನೋಡಿದರೆ ಬರೋಕ್ ಶೈಲಿಯ ಮುಂಭಾಗ. 1693ರ ಭೂಕಂಪದ ನಂತರ ಕಟ್ಟಿದ್ದು. ಒಳಗೆ ಹೋದರೆ ಗೋಡೆಯೊಳಗಿಂದ ದಪ್ಪ ಗ್ರೀಕ್ ಕಂಬಗಳು ಅರ್ಧ ಹೊರಗೆ ಬಂದು ನಿಂತಿವೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೀನಾ ದೇವಾಲಯದ ಕಂಬಗಳ ನಡುವಿನ ಜಾಗಕ್ಕೆ ಗೋಡೆ ತುಂಬಿ ಚರ್ಚು ಮಾಡಿದ್ದಾರೆ. ಅಮ್ಮ ಒಂದು ಕಂಬಕ್ಕೆ ಅಂಗೈ ಒತ್ತಿ ಬಹಳ ಹೊತ್ತು ನಿಂತರು. ನಮ್ಮನ್ನು ಬಿಟ್ಟರೆ ಒಳಗೆ ನಾಲ್ಕು ಜನ ಇದ್ದರು. ಯಾರೂ ಸರಿಯಿರಿ ಎನ್ನಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಅಗ್ಗದ ಕೋಣೆ, ಖಾಲಿ ಬೀದಿ ಎಲ್ಲ ಒಂದು ಕಡೆಗಿರಲಿ. ಅಮ್ಮನ ಆ ಹದಿನೈದು ನಿಮಿಷ ಆಗಸ್ಟ್ ತಿಂಗಳಿನಲ್ಲಿ ಸಿಗುತ್ತಿರಲಿಲ್ಲ.

ಎರಡು ದಿನ ಮಳೆ ಬಂತು. ಒಂದು ದಿನ ಪೂರ್ತಿ ಪುರಾತತ್ವ ಸಂಗ್ರಹಾಲಯದಲ್ಲಿ ಕಳೆದೆವು. ಇನ್ನೊಂದು ದಿನ ಮಳೆ ನಿಂತ ಮೇಲೆ ಅರೆತೂಸಾ ಬುಗ್ಗೆಯ ಬಳಿ ಹೋದೆವು. ಕಡಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಸಿಹಿನೀರು, ಅದರಲ್ಲಿ ಪಪೈರಸ್ ಗಿಡ. ಮಕ್ಕಳಿಗೆ ಈಜಿಪ್ಟಿನ ಪಾಠ ಮಾಡುವಾಗಲೆಲ್ಲ ಹೆಸರು ಹೇಳಿದ್ದ ಗಿಡವನ್ನು ಅಮ್ಮ ಮೊದಲ ಸಲ ನೋಡಿದ್ದು ಅಲ್ಲಿ.

ಅಲ್ಲಿಂದ ಕಟಾನಿಯಾ ಮೂಲಕ ಬಸ್ಸಿನಲ್ಲಿ ಅಗ್ರಿಜೆಂತೊ. ಪಡುಗಡಲು ಅವರೇ, ಕಡಲಿಗೆ ಬೆನ್ನು ಹಾಕಿ ಎಂದಿದ್ದಿರಲ್ಲ, ದಾರಿಯುದ್ದಕ್ಕೂ ಅದನ್ನೇ ಮಾಡಿದೆವು. ಗೋಧಿಯ ಎಳೆಪೈರಿನ ಗುಡ್ಡಗಳು ನಮ್ಮ ಶ್ರಾವಣದ ಮಲೆನಾಡಿನಂತೆ ಹಸಿರು. ದೇವಾಲಯಗಳ ಕಣಿವೆಯಲ್ಲಿ ಬಾದಾಮಿ ಮರಗಳು ಎಲೆಯಿಲ್ಲದೆ ಬರೀ ಹೂ ಹೊತ್ತು ನಿಂತಿದ್ದವು, ಬಿಳಿ, ಅಲ್ಲಲ್ಲಿ ತಿಳಿಗುಲಾಬಿ, ಹಿಂದೆ ಕಾಂಕೋರ್ಡಿಯಾ ದೇವಾಲಯದ ಜೇನುಬಣ್ಣದ ಕಲ್ಲು. ನೆಲದ ತುಂಬ ಹಳದಿ ಹೂವಿನ ಒಂದು ಸಣ್ಣ ಗಿಡ. ಅಮ್ಮ ಎಲೆ ನೋಡಿದವರೇ "ಇದು ನಮ್ಮ ಪುಳ್ಳಂಪುರಚಿಯ ಜಾತಿ" ಎಂದು ದಂಟು ಕಿತ್ತು ಅಗಿದರು. ಹುಳಿ! ಅವರ ಮಾತು ಸರಿಯಾಗಿತ್ತು, ಆಕ್ಸಾಲಿಸ್ ಕುಲದ್ದೇ ಗಿಡ ಅದು.

ಅಲ್ಲೇ ನಮಗೊಂದು ಕಷ್ಟವಾಯಿತು, ಮುಂದೆ ಹೋಗುವವರಿಗಾಗಿ ಬರೆಯುತ್ತೇನೆ. ಭಾನುವಾರ ಕಣಿವೆಗೆ ಹೋಗಲು ನಿಲ್ದಾಣದ ಪಟ್ಟಿ ನೋಡಿದೆ. "ಫೇರಿಯೆ" ಅಂದರೆ ರಜೆ ಎಂದು ಇಲ್ಲೇ ಓದಿದ್ದೆ. ಪಟ್ಟಿಯಲ್ಲಿ "ಫೆರಿಯಾಲೆ" ಎಂದಿತ್ತು. ರಜಾದಿನದ ವೇಳೆ ಎಂದುಕೊಂಡು ಅಮ್ಮನನ್ನು ಚಳಿಗಾಳಿಯಲ್ಲಿ ಐವತ್ತು ನಿಮಿಷ ಕೂರಿಸಿದೆ. ಬಸ್ ಬರಲಿಲ್ಲ. ಕಾಫಿ ಅಂಗಡಿಯ ಹೆಂಗಸು ಹೊರಗೆ ಬಂದು ತಿಳಿಸಿದರು: ಬಸ್ ಪಟ್ಟಿಯಲ್ಲಿ ಫೆರಿಯಾಲೆ ಅಂದರೆ ಕೆಲಸದ ದಿನ, ಭಾನುವಾರ ಮತ್ತು ಹಬ್ಬಕ್ಕೆ "ಫೆಸ್ತೀವೊ". ಫೇರಿಯೆ, ಫೆರಿಯಾಲೆ ಎರಡರ ಮೂಲ ಒಂದೇ, ಬಳಕೆ ತದ್ವಿರುದ್ಧ. ಅಮ್ಮನನ್ನು ಒಳಗೆ ಕೂರಿಸಿ ಬಿಸಿನೀರು ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಗಿರಾಕಿ ನಾವಿಬ್ಬರೇ ಇದ್ದದ್ದರಿಂದ ಅಮ್ಮನ ಸೀರೆಯ ಬಗ್ಗೆ, ನಮ್ಮೂರಿನ ಬಗ್ಗೆ ಕೇಳುತ್ತಾ ಕೂತರು.

ಪಲೆರ್ಮೊದಲ್ಲಿ ಎರಡೇ ರಾತ್ರಿ, ಸಾಲದಾಯಿತು. ಬಲ್ಲಾರೊ ಮಾರುಕಟ್ಟೆಯಲ್ಲಿ ಪಾನೆಲ್ಲೆ ಮೂರು ಸಲ ತಿಂದೆವು. ಅಮ್ಮ ಚೀಸ್, ಕನ್ನೋಲಿ ಎರಡನ್ನೂ ಬೇಡವೆಂದರು, ಕೊರತೆ ಅನಿಸಲಿಲ್ಲ. ರಕ್ತಕಿತ್ತಳೆಯ ಕಾಲವದು. ಎಟ್ನಾದ ಸುತ್ತ ಹಗಲಿಗೂ ರಾತ್ರಿಗೂ ಇರುವ ತಾಪಮಾನದ ಅಂತರ, ಆ ರಾತ್ರಿಗಳ ಚಳಿ, ಇವುಗಳಿಂದಲೇ ಹಣ್ಣಿನೊಳಗೆ ಕೆಂಪು ಏರುತ್ತದಂತೆ. ಬೇಸಿಗೆಯಲ್ಲಿ ಹೋದವರಿಗೆ ಮರದಿಂದ ಆಗಷ್ಟೇ ಕಿತ್ತ ಆ ಹಣ್ಣು ಸಿಗುವುದೇ ಇಲ್ಲ.

ಕೊನೆಗೆ ಕಟಾನಿಯಾ, ಸಂತ ಆಗಾತಾ. ಇದನ್ನು ಹೇಗೆ ಬರೆಯಲಿ? ಬಿಳಿ ನಿಲುವಂಗಿ ತೊಟ್ಟ ಸಾವಿರಾರು ಜನ ಎರಡು ಉದ್ದದ ಹಗ್ಗ ಹಿಡಿದು ಬೆಳ್ಳಿಯ ರಥವನ್ನು ಎಳೆಯುತ್ತಿದ್ದರು. "ಚಿತ್ತದೀನಿ, ವಿವಾ ಸಾಂತ್ ಆಗಾತಾ" ಎಂದು ಒಬ್ಬ ಕೂಗಿದರೆ ಬೀದಿಯೇ ಕೂಗುತ್ತಿತ್ತು. ಅಮ್ಮ ಚಿಕ್ಕಂದಿನಿಂದ ಬೇಲೂರಿನ ಚೆನ್ನಕೇಶವನ ತೇರು ನೋಡಿದವರು. ಹಗ್ಗ ಬಿಗಿಯಾದ ಕ್ಷಣದಲ್ಲಿ ತಾವೇ ಅರಿಯದೆ ಕೈಮುಗಿದರು. ಪಕ್ಕದಲ್ಲಿದ್ದ ಮುದುಕಿ ಅದನ್ನು ನೋಡಿ ಅಮ್ಮನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಇಬ್ಬರಿಗೂ ಭಾಷೆ ಬಾರದು. ರಥ ಕಣ್ಮರೆಯಾಗುವವರೆಗೂ ಹಾಗೇ ನಿಂತಿದ್ದರು.

ಒಂದು ಎಚ್ಚರಿಕೆ: ಹರಕೆಯ ದೊಡ್ಡ ಮೇಣದ ಬತ್ತಿಗಳಿಂದ ಕಲ್ಲಿನ ಬೀದಿ ತುಂಬ ಮೇಣ ಬಿದ್ದು ಬಹಳ ಜಾರುತ್ತದೆ. ವಯಸ್ಸಾದವರಿಗೆ ಹಿಡಿತದ ಪಾದರಕ್ಷೆ ಬೇಕೇ ಬೇಕು. ಕೋಣೆಗಳ ಬಿಸಿಯ ವಿಚಾರದಲ್ಲಿ ಎಲ್ಲ ಕಡೆಯಿಂದ ಬರಹದಲ್ಲಿ ಒಪ್ಪಿಗೆ ಪಡೆದಿದ್ದೆವು. ಆದರೂ ಒಂದು ಕಡೆ ರಾತ್ರಿ ಹನ್ನೊಂದಕ್ಕೆ ತಾನೇ ಆರಿಹೋಗುತ್ತಿತ್ತು. ಊರಿನಿಂದ ಒಯ್ದಿದ್ದ ಬಿಸಿನೀರಿನ ಚೀಲ ಅಮ್ಮನನ್ನು ಕಾಪಾಡಿತು.

ಒಲೆಯ ಮುಂದೆ (ಫೆಬ್ರವರಿ 12)

ಆ ಇಬ್ಬರು ಅಮ್ಮಂದಿರು ಕೈ ಹಿಡಿದು ನಿಂತ ಸಾಲನ್ನು ಓದಿ ನನ್ನ ಅಮ್ಮನಿಗೆ ಫೋನ್ ಮಾಡಿದೆ.

ಗೋಕಾಕದ ದಾರಿ (ಫೆಬ್ರವರಿ 13)

ಫೆರಿಯಾಲೆ ಎಂದು ಓದಿದ ಕೂಡಲೇ ಎದ್ದು ಹಳೆಯ ಮೊಬೈಲ್ ಹುಡುಕಿ ತೆಗೆದೆ. ಬಸ್ ನಿಲ್ದಾಣದ ಪಟ್ಟಿಯ ಫೋಟೊ ಅದರಲ್ಲಿತ್ತು. ನಾವು ಹೊರಟದ್ದು ಭಾನುವಾರ. ಪಟ್ಟಿಯಲ್ಲಿದ್ದ ಎರಡೂ ಬಸ್ಸುಗಳ ಪಕ್ಕದಲ್ಲಿ ಅದೇ ಪದವಿದೆ. ಮುಷ್ಕರ ಇರಲಿಲ್ಲ, ಎರಡು ವರ್ಷ ಸುಮ್ಮನೆ ಯಾರ ಮೇಲೋ ಕೋಪ ಇಟ್ಟುಕೊಂಡಿದ್ದೆ. ಮಳೆ ಮತ್ತು ತೇವದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಸಣ್ಣ ಊರಿನಲ್ಲಿ ಡಿಸೆಂಬರ್ ತಿಂಗಳು ಕಷ್ಟವೇ. ಹೆಂಡತಿಗೆ ಬಾದಾಮಿ ಹೂವಿನ ಭಾಗವನ್ನು ಓದಿ ಹೇಳಿದೆ. ಓರ್ತೀಜಿಯಾದಲ್ಲಿ ನೀವಿದ್ದ ಮನೆಗೆ ಬಿಸಿಯ ವ್ಯವಸ್ಥೆ ಚೆನ್ನಾಗಿತ್ತೇ? ಮೆಟ್ಟಿಲುಗಳೆಷ್ಟು?

ಹೇಮಾವತಿ ದಡ (ಫೆಬ್ರವರಿ 13)

ಚೆನ್ನಾಗಿತ್ತು, ಇಡೀ ರಾತ್ರಿ ಉರಿಯಿತು. ಮೆಟ್ಟಿಲು ಇಪ್ಪತ್ತೆರಡು, ಅಮ್ಮ ಎಣಿಸಿದ್ದಾರೆ. ಮನೆಯ ವಿವರವನ್ನು ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ. ಹಿಂಬದಿಯ ಕೋಣೆ ಕೇಳಬೇಡಿ, ಅದಕ್ಕೆ ಬೆಳಗಿನ ಬಿಸಿಲು ಬರುವುದಿಲ್ಲ.